ರೌಡಿ, ಟಿಫಿನ್, ಮಚ್ಚಾ: ಬೀದಿಮಾತಿನ ವಂಶಾವಳಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ, ಯಾವ ಪೊಲೀಸ್ ಠಾಣೆಗೆ ಹೋದರೂ ‘ರೌಡಿ ಶೀಟ್’ ಎಂಬ ಕಡತ ಇದ್ದೇ ಇರುತ್ತದೆ. ಅದು ಯಾರ ಹೆಸರಿನಲ್ಲಿ ತೆರೆಯಿತೋ ಅವನು ‘ರೌಡಿ ಶೀಟರ್’. ಚುನಾವಣೆ ಹತ್ತಿರ ಬಂದರೆ ‘ರೌಡಿ ಪರೇಡ್’ ನಡೆಯುತ್ತದೆ. ಸರ್ಕಾರಿ ದಾಖಲೆಯಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವ ಈ ಪದ ಹುಟ್ಟಿದ್ದು ಅಮೆರಿಕದ ಕಾಡಂಚಿನಲ್ಲಿ. 19ನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಗಡಿ ವಸತಿಗಳಲ್ಲಿ ಯಾರ ಮಾತಿಗೂ ಬಗ್ಗದೆ ಜಗಳ ಕಾಯುತ್ತಿದ್ದ ಒರಟರನ್ನು ಜನ ‘ರೌಡಿ’ ಎನ್ನುತ್ತಿದ್ದರು. ಆಗ ಅದು ಅಪ್ಪಟ ಬೀದಿಮಾತು. ಇಂಗ್ಲಿಷಿನಲ್ಲಿ ಈಗ ಅದು ಹೆಚ್ಚಾಗಿ ಗುಣವಾಚಕ. ಗಲಾಟೆ ಮಾಡುವ ಮಕ್ಕಳ ಗುಂಪಿಗೂ ಸಲ್ಲುತ್ತದೆ. ಕನ್ನಡದಲ್ಲಿ ಮಾತ್ರ ಅದು ಇನ್ನೂ ನಾಮಪದವಾಗಿಯೇ ಇದೆ, ಮನುಷ್ಯನನ್ನೇ ಸೂಚಿಸುತ್ತದೆ. ತವರಿನಲ್ಲಿ ಮಸುಕಾದ ಅರ್ಥವನ್ನು ನಮ್ಮ ಠಾಣೆಗಳು ಕಾಪಾಡಿಕೊಂಡು ಬಂದಿವೆ.

ಇದೊಂದೇ ಉದಾಹರಣೆಯಲ್ಲ. ನಾವು ‘ಗೂಂಡಾ ಕಾಯ್ದೆ’ ಎಂದು ಕರೆಯುವ 1985ರ ಕರ್ನಾಟಕದ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ‘ಗೂಂಡಾ’ ಜೊತೆಗೆ ‘ಬೂಟ್‌ಲೆಗರ್’ ಎಂಬ ಪದವೂ ಇದೆ. ಹೆಂಡದ ಬಾಟಲಿಯನ್ನು ಉದ್ದ ಬೂಟಿನೊಳಗೆ ಅಡಗಿಸಿ ಸಾಗಿಸುತ್ತಿದ್ದವರಿಗೆ ಅಮೆರಿಕನ್ನರು ಇಟ್ಟ ಅಡ್ಡಹೆಸರು ಅದು. ಬೀದಿಯಲ್ಲಿ ಹುಟ್ಟಿದ ಮಾತು ಶಾಸನಸಭೆಯನ್ನು ಸೇರಲು ಅಡ್ಡಿಯೇನಿಲ್ಲ. ಬೇಕಾದದ್ದು ಕಾಲ ಮತ್ತು ಬಳಕೆ.

ಇಂಗ್ಲಿಷಿನವರು ‘ಸ್ಲ್ಯಾಂಗ್’ ಎನ್ನುವುದನ್ನು ಈ ಅಧ್ಯಾಯದಲ್ಲಿ ಬೀದಿಮಾತು ಎಂದು ಕರೆಯುತ್ತೇನೆ. ಅದು ಬೈಗುಳವಲ್ಲ, ಒಂದು ಸೀಮೆಯ ಆಡುಮಾತೂ ಅಲ್ಲ, ವಕೀಲರದೋ ವೈದ್ಯರದೋ ವೃತ್ತಿ ಪರಿಭಾಷೆಯೂ ಅಲ್ಲ. ಒಂದು ಸಂಗತಿಗೆ ಎಲ್ಲರೂ ಒಪ್ಪಿದ ಪದ ಇರುವಾಗಲೇ ಒಂದು ಗುಂಪು ಬೇಕೆಂದೇ ಇನ್ನೊಂದು ಪದ ಹಿಡಿಯುತ್ತದಲ್ಲ, ಅದು ಬೀದಿಮಾತು. ‘ತುಂಬ ಚೆನ್ನಾಗಿದೆ’ ಎನ್ನಲು ಅಡ್ಡಿಯಿಲ್ಲದಿದ್ದರೂ ‘ಸಖತ್ತಾಗಿದೆ ಮಗಾ’ ಎನ್ನುವುದು ಹಾಗೆ. ಭಾಷೆ ಕೆಟ್ಟಿದ್ದಕ್ಕೆ ಇದೇ ಸಾಕ್ಷಿ ಎಂದು ಹಿರಿಯರು ಕೊರಗುತ್ತಾರೆ. ನನಗೆ ಕಾಣುವುದು ಬೇರೆಯೇ. ಬೀದಿಮಾತಿನ ಪದಗಳು ಎಲ್ಲೆಲ್ಲಿಂದಲೋ ಬರಬಹುದು. ಅವನ್ನು ನಡೆಸುವ ವ್ಯಾಕರಣ ಮಾತ್ರ ನಮ್ಮದು. ಆ ವ್ಯಾಕರಣದ ಆರೋಗ್ಯ ನೋಡಬೇಕಾದರೆ ಪುಸ್ತಕಕ್ಕಿಂತ ಮೊದಲು ಬಸ್ ನಿಲ್ದಾಣಕ್ಕೆ ಹೋಗಬೇಕು.

ದಂಡಿನ ದಾರಿ

ಬ್ರಿಟಿಷರು ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿನ ಹಲಸೂರಿನ ಬಳಿ ದಂಡು ಕಟ್ಟಿದ್ದು 1809ರಲ್ಲಿ. ಆ ಕಂಟೋನ್ಮೆಂಟ್ ಮುಂದೆ ಬೆನ್ಸನ್ ಟೌನಿನವರೆಗೆ ಬೆಳೆಯಿತು. ಅದರಾಚೆಗೆ ಈಗಿನ ಆರ್.ಟಿ. ನಗರ, ಹೆಬ್ಬಾಳ. ದಂಡು ಎಂದರೆ ಸಿಪಾಯಿಗಳಷ್ಟೇ ಅಲ್ಲ. ಅವರ ಜೊತೆ ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ದಲ್ಲಾಳಿಗಳು, ದರ್ಜಿಗಳು ಬಂದರು. ಇಂಗ್ಲಿಷ್, ದಖನಿ, ತಮಿಳು, ತೆಲುಗು, ಕನ್ನಡ ಒಂದೇ ಸಂತೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವು. ಅಲ್ಲಿ ಪದಗಳ ವ್ಯಾಪಾರ ಎರಡೂ ಕಡೆಗೆ ನಡೆಯಿತು.

ಅಲ್ಲಿಂದ ಇಲ್ಲಿಗೆ ಬಂದದ್ದನ್ನು ಮೊದಲು ನೋಡೋಣ. ಯಲಹಂಕ ಉಪನಗರದಲ್ಲಾಗಲಿ ಯಶವಂತಪುರ ಸರ್ಕಲ್ಲಿನಲ್ಲಾಗಲಿ ‘ಟಿಫಿನ್ ಸೆಂಟರ್’ ಎಂಬ ಬೋರ್ಡಿಗೆ ಬರವಿಲ್ಲ. ಇಡ್ಲಿ, ವಡೆ, ಖಾರಾಬಾತ್ ಸಿಗುವ ಜಾಗಕ್ಕೆ ಈ ಹೆಸರು ಎಷ್ಟು ಒಗ್ಗಿದೆಯೆಂದರೆ ಅದು ಇಲ್ಲಿನದೇ ಪದ ಎಂದು ಅನೇಕರು ನಂಬಿದ್ದಾರೆ. ಅದು ಲಂಡನ್ನಿನ ಬೀದಿಮಾತು. ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿ ಪಾಮರರ ನುಡಿಗೆಂದೇ ಒಂದು ನಿಘಂಟು ಪ್ರಕಟಿಸಿದ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು ಎಂಬ ಅರ್ಥದಲ್ಲಿ ‘ಟಿಫಿಂಗ್’ ಅದರಲ್ಲಿದೆ. ಇಂಗ್ಲೆಂಡಿನಲ್ಲಿ ಆ ಪದ ಬತ್ತಿಹೋಯಿತು. ಭಾರತಕ್ಕೆ ಬಂದದ್ದು ಮಧ್ಯಾಹ್ನದ ಲಘು ಊಟವಾಗಿ, ಆಮೇಲೆ ಡಬ್ಬಿಯಾಗಿ, ದಕ್ಷಿಣದಲ್ಲಿ ಬೆಳಗಿನ ತಿಂಡಿಯಾಗಿ ಬಾಳಿತು. ಕಾಲೇಜಿನ ‘ಬಂಕ್’ ಕೂಡ ಹೀಗೇ ಬಂದದ್ದು. ಓಡಿಹೋಗುವುದಕ್ಕೆ ಬ್ರಿಟನ್ನಿನ ಜನ 19ನೇ ಶತಮಾನದಲ್ಲಿ ಬಳಸುತ್ತಿದ್ದ ಮಾತು ಈಗ ‘ಕ್ಲಾಸಿಗೆ ಬಂಕ್ ಹೊಡ್ದೆ’ಯಲ್ಲಿದೆ.

ಇಲ್ಲಿಂದ ಅಲ್ಲಿಗೆ ಹೋದವುಗಳ ಪಟ್ಟಿ ಇನ್ನೂ ಉದ್ದ. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟು ಇಂಥ ಪದಗಳ ದೊಡ್ಡ ಭಂಡಾರ. ಪರ್ಷಿಯನ್ನಿನ ‘ಖುಷ್’ ಉರ್ದುವಿನ ಮೂಲಕ ಕನ್ನಡಕ್ಕೆ ಬಂದು ‘ಖುಷಿ’ಯಾಯಿತು. ಅದೇ ಪದ ಸಿಪಾಯಿಗಳ ಬಾಯಲ್ಲಿ ಹಡಗು ಹತ್ತಿ ಇಂಗ್ಲಿಷಿನಲ್ಲಿ ‘ಕುಷಿ’ ಆಯಿತು. ಅಲ್ಲಿ ಅದಕ್ಕೆ ಆರಾಮದ ಕೆಲಸ ಎಂಬ ಅರ್ಥ. ಹಣ್ಣಾದ, ಬೆಂದ ಎಂಬ ಅರ್ಥದ ಸಂಸ್ಕೃತದ ‘ಪಕ್ವ’ ಹಿಂದೂಸ್ತಾನಿಯಲ್ಲಿ ‘ಪಕ್ಕಾ’ ಆಗಿ, ಅಲ್ಲಿಂದ ಒಂದು ಕವಲು ನಮ್ಮ ‘ಪಕ್ಕಾ’ ಆಯಿತು, ಇನ್ನೊಂದು ಬ್ರಿಟನ್ನಿನ ‘ಪಕ್ಕ’. ವಿದೇಶಿ ಎಂಬ ಅರ್ಥದ ‘ವಿಲಾಯತಿ’ಯನ್ನು ಗೋರಾ ಸಿಪಾಯಿಗಳು ‘ಬ್ಲೈಟಿ’ ಮಾಡಿಕೊಂಡರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೂತು ಅವರು ತಮ್ಮ ತಾಯ್ನಾಡನ್ನು ನೆನೆಯುತ್ತಿದ್ದುದು ಈ ಹೆಸರಿನಿಂದಲೇ. ನಾಸಿಕದ ಬಳಿಯ ದೇವಲಾಲಿ ಸೇನಾ ಶಿಬಿರದಲ್ಲಿ ಹಡಗಿಗಾಗಿ ತಿಂಗಳುಗಟ್ಟಲೆ ಕಾದು ಬೇಸತ್ತವರ ಮನಸ್ಥಿತಿ ‘ಡೂಲ್ಯಾಲಿ’ ಎಂಬ ಪದವಾಯಿತು. ಬುದ್ಧಿ ಸ್ಥಿಮಿತದಲ್ಲಿಲ್ಲ ಎನ್ನಲು ಇಂಗ್ಲೆಂಡಿನಲ್ಲಿ ಇಂದಿಗೂ ಅದು ಚಾಲ್ತಿಯಲ್ಲಿದೆ.

ಪದಗಳು ಪುಸ್ತಕ ಓದಿದವರಿಂದ ಮಾತ್ರ ಹರಡುತ್ತವೆ ಎಂಬ ನಂಬಿಕೆಯನ್ನು ಈ ಇತಿಹಾಸ ಅಲುಗಿಸುತ್ತದೆ. ಖುಷ್, ಪಕ್ಕಾ, ವಿಲಾಯತಿಗಳನ್ನು ಸಮುದ್ರ ದಾಟಿಸಿದವರು ಪಂಡಿತರಲ್ಲ, ಸಂಬಳಕ್ಕೆ ದುಡಿಯುವ ಸಿಪಾಯಿಗಳು. ಇಂಥ ಕೊಡುಕೊಳ್ಳುವಿಕೆಯನ್ನು ಭಾಷಾವಿಜ್ಞಾನ ನುಡಿ ಸಂಪರ್ಕ ಎನ್ನುತ್ತದೆ. ಸಂಪರ್ಕ ನಡೆಯುವುದು ಬಾಯಿಂದ ಬಾಯಿಗೆ, ಅದಕ್ಕೆ ಒಟ್ಟಿಗೆ ಬದುಕಬೇಕು, ಒಟ್ಟಿಗೆ ಕೆಲಸ ಮಾಡಬೇಕು. ಸ್ವಾತಂತ್ರ್ಯದ ನಂತರ ಉತ್ತರ ಬೆಂಗಳೂರಿಗೆ ಅಂಥ ಅವಕಾಶ ಮತ್ತೆ ಮತ್ತೆ ಒದಗಿತು. ಜಾಲಹಳ್ಳಿ ಸೀಮೆಯಲ್ಲಿ 1953ರಲ್ಲಿ ಎಚ್ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಬಂತು. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ, ಆಲೂಗಡ್ಡೆಯ ಲಾರಿಗಳ ಜೊತೆ ಹಲವು ಭಾಷೆಗಳೂ ಇಳಿಯುತ್ತವೆ.

ಕನ್ನಡದ ಕೈಗೆ ಸಿಕ್ಕ ಮೇಲೆ

ಹಾಗೆ ಬಂದ ಪದವನ್ನು ಕನ್ನಡ ಏನು ಮಾಡುತ್ತದೆ? ಕಿವಿಗೊಟ್ಟು ಕೇಳಿದರೆ ಇಲ್ಲಿನ ಶಿಸ್ತು ಬೆರಗು ಹುಟ್ಟಿಸುತ್ತದೆ.

ಹಳಗನ್ನಡದ ‘ಕಲ್’ ಹೊಸಗನ್ನಡದಲ್ಲಿ ‘ಕಲ್ಲು’, ‘ಕಾಲ್’ ಮಾತ್ರ ‘ಕಾಲು’. ಮೊದಲ ಸ್ವರ ಹ್ರಸ್ವವಾದರೆ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ, ದೀರ್ಘವಾದರೆ ಆಗುವುದಿಲ್ಲ. ಈಗ ‘ಬಸ್’ ಮತ್ತು ‘ಕಾರ್’ ಗಮನಿಸಿ: ಬಸ್ಸು, ಕಾರು. ‘ಪಬ್’ ಪಬ್ಬು, ‘ಬಾರ್’ ಬಾರು. ಪಬ್ಬಿಗೆ ಹೋಗುವ ಹುಡುಗನಿಗೆ ಈ ಸೂತ್ರವನ್ನು ಯಾರೂ ಕಲಿಸಿಲ್ಲ. ಆದರೂ ಅವನು ‘ಪಬು’ ಎನ್ನುವುದಿಲ್ಲ, ‘ಬಾರ್ರು’ ಎನ್ನುವುದಿಲ್ಲ. ನೂರಾರು ವರ್ಷಗಳಿಂದ ಕಲ್ಲು, ಕಾಲುಗಳನ್ನು ಆಳುತ್ತಿರುವ ನಿಯಮ ನಿನ್ನೆ ಬಂದ ಪದವನ್ನೂ ಆಳುತ್ತಿದೆ.

ಪದದ ಬೆನ್ನಿಗೆ ಪ್ರತಿಧ್ವನಿಯಂತೆ ಬರುವ ಮಾರ್ನುಡಿಗಳಲ್ಲೂ ಇದೇ ಕಟ್ಟುನಿಟ್ಟು. ‘ಬಸ್ಸು ಗಿಸ್ಸು’, ‘ಕಾರು ಗೀರು’, ‘ಟೆನ್ಷನ್ನು ಗಿನ್ಷನ್ನು’. ಹ್ರಸ್ವಕ್ಕೆ ‘ಗಿ’, ದೀರ್ಘಕ್ಕೆ ‘ಗೀ’. ಪದ ಕನ್ನಡದ್ದೋ ಇಂಗ್ಲಿಷಿನದೋ ಎಂದು ನಿಯಮ ಕೇಳುವುದೇ ಇಲ್ಲ. ಪದರಚನೆಯ ಸಿದ್ಧಾಂತಕ್ಕೆ ಇದು ಎಷ್ಟು ಮುಖ್ಯವೆಂದರೆ ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 2001ರಲ್ಲಿ ಕನ್ನಡದ ಈ ಮಾರ್ನುಡಿಗಳ ಮೇಲೆಯೇ ಒಂದು ಪ್ರಬಂಧ ಬರೆದರು.

ಕ್ರಿಯಾಪದಗಳ ಕಥೆ ಇನ್ನೂ ಸ್ವಾರಸ್ಯದ್ದು. ಹಿಂದೂಸ್ತಾನಿ ಕ್ರಿಯಾಪದಗಳನ್ನು ಕನ್ನಡ ‘ಇಸು’ ಹಚ್ಚಿ ಒಳಗೆ ಎಳೆದುಕೊಂಡಿತು: ಚಲಾಯಿಸು, ಜಮಾಯಿಸು, ಉಡಾಯಿಸು. ಇಂಗ್ಲಿಷಿನ ಪದಕ್ಕೆ ಹಾಗೆ ಮಾಡದೆ ಪಕ್ಕದಲ್ಲಿ ತನ್ನದೇ ಕ್ರಿಯಾಪದವೊಂದನ್ನು ನಿಲ್ಲಿಸುತ್ತದೆ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬ ಬೆಂಗಳೂರಿನ ನಿತ್ಯ ವಾಕ್ಯದಲ್ಲಿ ‘ಅಡ್ಜಸ್ಟ್’ ಅಲುಗಾಡದೆ ನಿಂತಿರುತ್ತದೆ. ಕಾಲ, ವಚನ, ಗೌರವ ಎಲ್ಲವನ್ನೂ ಹೊರುವುದು ‘ಮಾಡಿ’. ಲೋಕದ ನೂರಾರು ಭಾಷೆಗಳು ಕ್ರಿಯಾಪದಗಳನ್ನು ಎರವಲು ಪಡೆಯುವ ಬಗೆಯನ್ನು ಯಾನ್ ವೋಲ್‌ಗೆಮೂತ್ 2009ರ ತನ್ನ ಪುಸ್ತಕದಲ್ಲಿ ವರ್ಗೀಕರಿಸಿದಾಗ ಮುಖ್ಯವೆಂದು ಗುರುತಿಸಿದ ವಿಧಾನಗಳಲ್ಲಿ ಈ ಎರಡೂ ಇವೆ. ಒಂದೇ ಭಾಷೆ, ಬೇರೆ ಬೇರೆ ಶತಮಾನದ ಅತಿಥಿಗಳಿಗೆ ಬೇರೆ ಬೇರೆ ಬಾಗಿಲು ತೆರೆದಿದೆ.

ಎಲ್ಲದಕ್ಕೂ ‘ಮಾಡು’ ಒಂದೇ ಸಾಲದು ಎನ್ನುವುದು ಬೀದಿಮಾತಿನ ಸೊಗಸು. ಬಂಕ್ ‘ಹೊಡೀತಾರೆ’, ಬಿಲ್ಡಪ್ ‘ಕೊಡ್ತಾರೆ’, ಸ್ಕೆಚ್ ‘ಹಾಕ್ತಾರೆ’, ಟೆನ್ಷನ್ ‘ತಗೋತಾರೆ’. ಬಿಲ್ಡಪ್ ಹಾಕ್ದ ಎಂದರೆ ಹೊರಗಿನವನೆಂದು ತಕ್ಷಣ ಗೊತ್ತಾಗುತ್ತದೆ. ಹೊಡೆತದಲ್ಲಿ ಚುರುಕಿದೆ, ಹಾಕುವುದರಲ್ಲಿ ಹೊಂಚಿದೆ, ಕೊಡುವುದರಲ್ಲಿ ಎದುರಿಗಿರುವವನ ಮೇಲೆ ಬೀರುವ ಪ್ರಭಾವವಿದೆ, ತೆಗೆದುಕೊಳ್ಳುವುದರಲ್ಲಿ ಮೈಮೇಲೆ ಎಳೆದುಕೊಳ್ಳುವ ಭಾವವಿದೆ. ಇಂಗ್ಲಿಷ್ ನಾಮಪದಗಳಿಗೆ ಈ ಸೂಕ್ಷ್ಮ ಬಂದದ್ದು ಕನ್ನಡದಿಂದ.

ಮಚ್ಚಾ ಯಾಕೆ, ಅಣ್ಣ ಯಾಕಲ್ಲ

ಗೆಳೆಯನನ್ನು ಕರೆಯುವ ಪದಗಳು ಬೀದಿಮಾತಿನಲ್ಲಿ ಬೇಗ ಬೇಗ ಬದಲಾಗುತ್ತವೆ. ಉತ್ತರ ಬೆಂಗಳೂರಿನ ಕಾಲೇಜು ಆವರಣದಲ್ಲಿ ಮಗಾ, ಗುರು, ಬಾಸ್, ಬ್ರೋ, ಮಚ್ಚಾ ಎಲ್ಲ ಒಟ್ಟಿಗೆ ಕೇಳುತ್ತವೆ. ‘ಬಾಸ್’ ಡಚ್ಚರ ಪದ, ಯಜಮಾನ ಎಂದರ್ಥ. ಅಮೆರಿಕದಲ್ಲಿ ನೆಲೆಸಿದ ಡಚ್ಚರಿಂದ ಇಂಗ್ಲಿಷಿಗೆ ಸೇರಿ ನಮ್ಮ ಆಟೋ ಸ್ಟ್ಯಾಂಡಿನವರೆಗೆ ಬಂದಿದೆ. ಯಜಮಾನಿಕೆ ಕಳೆದುಕೊಂಡು ಸ್ನೇಹದ ಕರೆಯಾಗಿದೆ.

‘ಮಚ್ಚಾ’ ತಮಿಳಿನ ‘ಮಚ್ಚಾನ್’. ಅಕ್ಕನ ಗಂಡ, ಹೆಂಡತಿಯ ಸೋದರ, ಸೋದರಮಾವನ ಮಗ, ಇವರೆಲ್ಲರಿಗೂ ಹತ್ತಿರದ ಪದ. ಕನ್ನಡದ ಭಾವ, ಭಾವಮೈದುನ ಇದ್ದ ಹಾಗೆ. ಗೆಳೆತನಕ್ಕೆ ಈ ಸಂಬಂಧವೇ ಯಾಕೆ ಬೇಕಾಯಿತು? ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ‘ಗೇಲಿಯ ಸಂಬಂಧ’ ಎಂಬ ಪರಿಕಲ್ಪನೆಯನ್ನು ವಿವರಿಸಿದ. ಎಷ್ಟೋ ಸಮಾಜಗಳಲ್ಲಿ ಕೆಲವು ನೆಂಟರನ್ನು ಛೇಡಿಸುವ ಹಕ್ಕು ಇರುತ್ತದೆ, ಛೇಡಿಸಿಕೊಂಡವರು ಸಿಟ್ಟಾಗಬಾರದು. ದಕ್ಷಿಣ ಭಾರತದಲ್ಲಿ ಭಾವ-ಭಾವಮೈದುನರದು ಅಂಥ ಸಲಿಗೆ. ಅಣ್ಣನಿಗೆ ತಗ್ಗಿ ನಡೆಯಬೇಕು, ಭಾವನ ಕಾಲೆಳೆಯಬಹುದು. ಅದಕ್ಕೇ ಬಸ್ಸಿನ ಕಂಡಕ್ಟರಿಗೆ, ಪರಿಚಯವಿಲ್ಲದ ಅಂಗಡಿಯವನಿಗೆ ನಾವು ‘ಅಣ್ಣ’ ಎನ್ನುತ್ತೇವೆ. ಪಕ್ಕದ ಬೆಂಚಿನ ಗೆಳೆಯ ಮಚ್ಚಾ. ಒಂದು ಕರೆಯ ಹಿಂದೆ ದ್ರಾವಿಡ ಕುಟುಂಬ ವ್ಯವಸ್ಥೆಯೇ ನಿಂತಿದೆ ಎಂಬುದು ನನ್ನ ತಿಳಿವು.

ಸಖತ್ತಿನ ಸವಕಳಿ

‘ಸಖತ್’ ಪದದ ಮೂಲ ಪರ್ಷಿಯನ್ನಿನ ‘ಸಖ್ತ್’, ಗಟ್ಟಿ, ಕಠಿಣ ಎಂದರ್ಥ. ಬೆಂಗಳೂರಿನಲ್ಲಿ ಅದು ಬಿರಿಯಾನಿಗೂ ಸಲ್ಲುತ್ತದೆ, ಮಳೆಗೂ ಸಲ್ಲುತ್ತದೆ. ‘ಮಸ್ತ್’ ಅದೇ ಭಾಷೆಯಲ್ಲಿ ಅಮಲೇರಿದ ಎಂಬ ಪದ. ಮದವೇರಿದ ಆನೆಯ ಸ್ಥಿತಿಗೆ ಪ್ರಾಣಿಶಾಸ್ತ್ರ ಇಂದಿಗೂ ಇದೇ ಮೂಲದ ಪದ ಬಳಸುತ್ತದೆ. ನಮಗೆ ಅದು ಚೆನ್ನಾಗಿದೆ ಎಂಬ ಮೆಚ್ಚುಗೆ ಮಾತ್ರ.

ಹೀಗೆ ಗಟ್ಟಿ ಅರ್ಥ ಕರಗಿ ಒತ್ತು ಮಾತ್ರ ಉಳಿಯುವುದಕ್ಕೆ ಅರ್ಥದ ಸವಕಳಿ ಎನ್ನಬಹುದು. ಒತ್ತು ಹೇಳುವ ಪದಗಳಿಗೆ ಈ ಗತಿ ತಪ್ಪಿದ್ದಲ್ಲ. ಬಳಸಿ ಬಳಸಿ ಬಿಸಿ ಆರುತ್ತದೆ, ಹೊಸದು ಬೇಕಾಗುತ್ತದೆ. ನಾವು ಶಿಷ್ಟವೆಂದು ತಿಳಿದ ‘ತುಂಬ’ ಕೂಡ ‘ತುಂಬು’ವಿನಿಂದ ಬಂದದ್ದು, ಪಾತ್ರೆ ತುಂಬುವ ಚಿತ್ರ ಈಗ ಯಾರ ಮನಸ್ಸಿಗೂ ಬರುವುದಿಲ್ಲ. ಇಂಗ್ಲಿಷಿನ ‘ವೆರಿ’ ಹಳೆಯ ಫ್ರೆಂಚಿನ ‘ನಿಜವಾದ’ ಎಂಬ ಪದ. ಕೆನಡಾದ ಸಾಲಿ ಟ್ಯಾಗ್ಲಿಯಾಮೊಂಟೆ ಮತ್ತು ಕ್ರಿಸ್ ರಾಬರ್ಟ್ಸ್ 2005ರಲ್ಲಿ ‘ಫ್ರೆಂಡ್ಸ್’ ಧಾರಾವಾಹಿಯ ಸಂಭಾಷಣೆಗಳನ್ನು ಎಣಿಸಿ ನೋಡಿದಾಗ ‘ವೆರಿ’ ಹಿಂದೆ ಬಿದ್ದು ‘ಸೋ’ ಎಲ್ಲಕ್ಕಿಂತ ಮುಂದಿತ್ತು.

ಮೆಚ್ಚುಗೆಗೆ ನಾಶದ ಪದಗಳನ್ನು ಹಿಡಿಯುವುದು ಇನ್ನೊಂದು ದಾರಿ. ‘ಚಿಂದಿ’ ಎಂದರೆ ಹರಕು ಬಟ್ಟೆ, ‘ಬೆಂಕಿ’ ಸುಡುತ್ತದೆ. ‘ಚಿಂದಿ ಉಡಾಯಿಸ್ಬಿಟ್ಟ’, ‘ಸಾಂಗ್ ಬೆಂಕಿ’ ಎಂದರೆ ಅತ್ಯುತ್ತಮ. ಇಂಗ್ಲಿಷ್ ಯುವಕರು ‘ಸಿಕ್’, ‘ವಿಕೆಡ್’ ಎಂದು ಹೊಗಳುವುದು ಇದೇ ತರ್ಕದಿಂದ. ಗುಂಪಿನ ಒಳಗಿರುವವನಿಗೆ ಮಾತ್ರ ಅರ್ಥ ತಿರುಗಿ ಸಿಗುತ್ತದೆ, ಹೊರಗಿನವನು ಬೆಚ್ಚುತ್ತಾನೆ. ಭಾಷಾವಿಜ್ಞಾನಿ ಮೈಕೆಲ್ ಹ್ಯಾಲಿಡೇ 1976ರಲ್ಲಿ ‘ಪ್ರತಿಭಾಷೆ’ ಎಂದು ಕರೆದದ್ದು ಈ ಒಳಗು-ಹೊರಗಿನ ಗೆರೆಯನ್ನೇ ಆಧರಿಸಿದೆ. ಹದಿಹರೆಯದವರಿಗೆ ಆ ಗೆರೆ ಎಲ್ಲರಿಗಿಂತ ಹೆಚ್ಚು ಬೇಕು. ಮನೆಯಿಂದ ಆಚೆ ಹೆಜ್ಜೆಯಿಟ್ಟು ತಮ್ಮದೇ ಬಳಗ ಕಟ್ಟಿಕೊಳ್ಳುವ ವಯಸ್ಸು ಅದು.

ಬೆಂಗಳೂರು ಕ್ರಿಯಾಪದವಾದದ್ದು

ವ್ಯಾಪಾರ ಈಗಲೂ ಎರಡೂ ಕಡೆ ನಡೆಯುತ್ತಿದೆ. 2000ದ ದಶಕದ ಮೊದಲ ಅರ್ಧದಲ್ಲಿ ಅಮೆರಿಕದ ಕಂಪನಿಗಳು ಸಾಫ್ಟ್‌ವೇರ್ ಕೆಲಸಗಳನ್ನು ಇಲ್ಲಿಗೆ ರವಾನಿಸಿದಾಗ, ಕೆಲಸ ಕಳೆದುಕೊಂಡವರ ಬಾಯಲ್ಲಿ ‘ಬ್ಯಾಂಗಲೋರ್ಡ್’ ಎಂಬ ಪದ ಹುಟ್ಟಿತು. ನನ್ನ ನೌಕರಿ ಬೆಂಗಳೂರಿಗೆ ಹೋಯಿತು ಎಂಬ ಸಂಕಟ ಅದರಲ್ಲಿದೆ. ಟೀ ಶರ್ಟುಗಳ ಮೇಲೂ ಅಚ್ಚಾಯಿತು. ಊರಿನ ಹೆಸರು ಹೀಗೆ ಕ್ರಿಯಾಪದವಾಗುವುದು ಅಪರೂಪ. 19ನೇ ಶತಮಾನದಲ್ಲಿ ನಾವಿಕರನ್ನು ಮೋಸದಿಂದ ಹಡಗಿಗೆ ಹತ್ತಿಸುವುದಕ್ಕೆ ಶಾಂಘೈ ಹೆಸರು ಅಂಟಿತ್ತು. 2014ರ ನವೆಂಬರ್ 1ರಂದು ನಮ್ಮ ಊರು ಅಧಿಕೃತವಾಗಿ ಬೆಂಗಳೂರಾಯಿತು, ಆ ಕ್ರಿಯಾಪದ ಮಾತ್ರ ಹಳೆಯ ಹೆಸರಿನಲ್ಲೇ ಉಳಿಯಿತು.

ಇದಕ್ಕಿಂತ ಆಳವಾದ ಪ್ರಭಾವ ಬೆಂಗಳೂರಿನವರ ಇಂಗ್ಲಿಷಿನ ಒಳಗೇ ಇದೆ. ‘ಪುಟ್ ಒನ್ ಕಾಫಿ’ ಎನ್ನುವಾಗ ‘ಪುಟ್’ ಇಂಗ್ಲಿಷಿನ ಪದ, ಅದರೊಳಗಿರುವುದು ‘ಒಂದು ಕಾಫಿ ಹಾಕಿ’. ‘ಐ ಸಿಂಪ್ಲಿ ಕೇಮ್’ ಎಂದರೆ ಸುಮ್ನೆ ಬಂದೆ. ‘ದೇರ್ ಓನ್ಲಿ’ ಎಂದರೆ ‘ಅಲ್ಲೇ’. ಒಂದು ಏಕಾರ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇಡೀ ಪದ ಹುಡುಕಬೇಕಾಯಿತು. ಹಾಕು, ಸುಮ್ಮನೆ, ಏಕಾರಗಳಿಗೆ ತಮಿಳಿನಲ್ಲೂ ಸರಿಜೋಡಿಗಳಿವೆ. ಹಾಗಾಗಿ ಈ ಇಂಗ್ಲಿಷಿಗೆ ಇಬ್ಬರು ತಾಯಂದಿರು.

ಪೆರ್ಬೊಳಲಿನಿಂದ ಹೆಬ್ಬಾಳಕ್ಕೆ

2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಹೋರಾಡಿ ಮಡಿದ ಕಿಟ್ಟಯ್ಯನ ನೆನಪಿನ ಆ ಕಲ್ಲಿನಲ್ಲಿ ಈ ಸೀಮೆಯ ಹೆಸರು ‘ಪೆರ್ಬೊಳಲ್ ನಾಡು’ ಎಂದಿದೆ. ದೊಡ್ಡ ಊರು ಎಂದರ್ಥ. ‘ಪ’ಕಾರ ‘ಹ’ಕಾರವಾಗಿ, ‘ರ್ಬ’ ‘ಬ್ಬ’ ಆಗಿ, ಸವೆದು ಸವೆದು ಹೆಬ್ಬಾಳವಾಯಿತು. ಪಕ್ಕದ ಯಲಹಂಕವನ್ನು ಚೋಳರ ಕಾಲದ ತಮಿಳು ಶಾಸನಗಳು ‘ಇಲೈಪಾಕ್ಕ’ ಎನ್ನುತ್ತವೆ. ಅಲ್ಲಿನ ‘ಪ’ ನಮ್ಮಲ್ಲಿ ‘ಹ’. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಇದೇ ಬದಲಾವಣೆಯಿಂದ. ಪಾಲು ಎಂದು ಕಲಿತು ಬೆಳೆದ ಹಿರಿಯರಿಗೆ ಮೊಮ್ಮಗನ ‘ಹಾಲು’ ಕೇಳಿ ಕಿವಿ ಚುರುಕ್ಕೆಂದಿರಬೇಕು. ಈಗ ನಾವು ಅಚ್ಚಗನ್ನಡ ಎಂದು ಎದೆಗೊತ್ತಿಕೊಳ್ಳುವುದು ಆ ‘ಹಾಲ’ನ್ನೇ.

ಇಂಗ್ಲಿಷಿನಲ್ಲೂ ಹೀಗೇ ನಡೆಯಿತು. ಜೋನಥನ್ ಸ್ವಿಫ್ಟ್ 1710ರಲ್ಲಿ ‘ಮಾಬ್’ನಂಥ ಮೊಟಕು ಪದಗಳ ವಿರುದ್ಧ ಪತ್ರಿಕೆಯಲ್ಲಿ ಬರೆದ. ಅವನ ನಂತರವೂ ಮೊಟಕು ನಿಲ್ಲಲಿಲ್ಲ: ‘ಓಮ್ನಿಬಸ್’ ಬಸ್ಸಾಯಿತು, ‘ಕ್ಯಾಬ್ರಿಯೋಲೆ’ ಕ್ಯಾಬ್ ಆಯಿತು. ಅವಿಲ್ಲದೆ ಮಾನ್ಯತಾ ಟೆಕ್ ಪಾರ್ಕಿನ ಒಂದು ದಿನವೂ ಸಾಗುವುದಿಲ್ಲ.

ಆದ್ದರಿಂದ ಕನ್ನಡದ ಬಗ್ಗೆ ಚಿಂತೆ ಪಡಬೇಕಾದ ಜಾಗ ಬೀದಿಮಾತಲ್ಲ. ‘ಪಬ್ಬಿಗೆ’, ‘ಬಾಸು ಗೀಸು’, ‘ಸ್ಕೆಚ್ ಹಾಕ್ದ’ ಎನ್ನುವ ಹುಡುಗನಲ್ಲಿ ವಿಭಕ್ತಿ, ಮಾರ್ನುಡಿ, ಕ್ರಿಯಾರೂಪ ಎಲ್ಲವೂ ದುಡಿಯುತ್ತಿವೆ. ಮನೆಯಲ್ಲಿ, ಶಾಲೆಯಲ್ಲಿ, ಆಟದ ಮೈದಾನದಲ್ಲಿ ಇಡೀ ವಾಕ್ಯವೇ ಬೇರೆ ಭಾಷೆಗೆ ಹೊರಳಿಹೋದ ಮಗುವಿಗೆ ಆ ಯಂತ್ರ ಸಿಗುವುದೇ ಇಲ್ಲ. ಅಪಾಯ ಅಲ್ಲಿದೆ. ‘ಬಂಕ್’ ಪದವನ್ನು ತಿದ್ದಲು ಹೋಗಿ ‘ಹೊಡ್ದೆ’ಯನ್ನು ಕಳೆದುಕೊಳ್ಳಬಾರದು.

ಆಗಬೇಕಾದ ಒಂದು ಕೆಲಸವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಗ್ರಂಥಗಳ ಪ್ರಯೋಗಗಳ ಮೇಲೆ ನಿಂತ ಮಹತ್ಸಾಧನೆ. ಬರಹಕ್ಕೆ ಇಳಿಯದ ಮಾತು ಇಂಥ ನಿಘಂಟಿನ ಬಲೆಗೆ ಬೀಳುವುದು ಕಷ್ಟ. ಇಂಗ್ಲಿಷಿಗೆ ಜೋನಥನ್ ಗ್ರೀನ್ 2010ರಲ್ಲಿ ಬೀದಿಮಾತಿನದೇ ಮೂರು ಸಂಪುಟಗಳ ನಿಘಂಟು ಕೊಟ್ಟ. ಅದಕ್ಕೂ ಮುಂಚೆ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕಾನಿ ಎಬಲ್ ಎಂಬ ಅಧ್ಯಾಪಕಿ 1972ರಿಂದ ತನ್ನ ವಿದ್ಯಾರ್ಥಿಗಳಿಂದಲೇ ಅವರ ಪದಗಳನ್ನು ಬರೆಸಿಕೊಂಡು 1996ರಲ್ಲಿ ಪುಸ್ತಕ ಮಾಡಿದಳು. ಯಲಹಂಕದ, ಹೆಬ್ಬಾಳದ, ಯಶವಂತಪುರದ ಯಾವ ಕಾಲೇಜಿನ ಕನ್ನಡ ವಿಭಾಗವೂ ಇದನ್ನು ಮಾಡಬಹುದು. ಪ್ರತಿ ಪದಕ್ಕೆ ಒಂದು ಚೀಟಿ ಸಾಕು: ಪದ, ಅದು ಬಂದ ಪೂರ್ತಿ ವಾಕ್ಯ, ಆಡಿದವರ ವಯಸ್ಸು, ಜಾಗ, ತಾರೀಖು. ವಾಕ್ಯವನ್ನು ತಿದ್ದದೆ ಬರೆಯಬೇಕು, ಕೇಳಿದ ಹಾಗೇ ಬರೆಯಬೇಕು. ಬೀದಿಮಾತಿನ ಬಹುಪಾಲು ಬೇಗ ಅಳಿಯುತ್ತದೆ, ಸ್ವಲ್ಪ ಉಳಿದು ಭಾಷೆಯಾಗುತ್ತದೆ. ಯಾವುದು ಉಳಿಯಿತು, ಯಾಕೆ ಉಳಿಯಿತು ಎಂದು ಮುಂದಿನವರು ಹೇಳಬೇಕಾದರೆ ಆ ಚೀಟಿಗಳನ್ನು ಈ ವರ್ಷವೇ ಬರೆಯಲು ತೊಡಗಬೇಕು.